ಬೀಳುವ ಮಶೀನನ್ನು ಬೀಳಿಸಿ ತೋರಿಸಿದ ಅಕ್ಕೋರು

ಮೊನ್ನೆ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಇಟ್ಟಿದ್ದರು. ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಅಕ್ಕೋರು ನೆನಪಾದರು.

ತೊಂಬತ್ತರ ದಶಕದ ಕೊನೆ. ಆಳಂದದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಸ ಗುಡಿಸುತ್ತಿದ್ದೆ. ಅಕ್ಕೋರು ಅಫಜಲಪುರದ ಕಡೆಯವರು, ಕಂಪ್ಯೂಟರ್ ಕಲಿಸಲು ಬಂದಿದ್ದರು. ಕಾಯಂ ನೌಕರಿ ಅಲ್ಲ. ಇದ್ದ ನಾಲ್ಕು ಮಶೀನಿಗೆ ಲಿನಕ್ಸ್ ಅನ್ನುವ, ಮಶೀನು ನಡೆಸುವ ಬರಹ ಹಾಕಿದ್ದು ಅವರೇ. ಅದು ಪುಕ್ಕಟೆ ಸಿಗುತ್ತದೆ, ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು ಅಂದಿದ್ದರು. ನಾಲ್ಕನ್ನೂ ತಂತಿಯಿಂದ ಜೋಡಿಸಿದರು. ಸಣ್ಣ ಕಡತ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ದೊಡ್ಡದು ಕಳಿಸಿದರೆ ಪರದೆ ಕಪ್ಪಾಗಿ, ಬಿಳಿ ಅಂಕಿ ತುಂಬಿಕೊಂಡು, ಮಶೀನು ಸತ್ತಂತೆ ನಿಲ್ಲುತ್ತಿತ್ತು. ಅಕ್ಕೋರು ಅದಕ್ಕೆ ‘ಬಿತ್ತು’ ಅನ್ನುವರು. ಕಾಲೇಜು ನಡೆಸುವ ಸಾಹುಕಾರರು ಸೋಮವಾರ ಬಂದು ನೋಡುತ್ತೇನೆ, ನಡೆಯದಿದ್ದರೆ ನಿಮಗೆ ನೌಕರಿ ಇಲ್ಲ ಎಂದುಬಿಟ್ಟರು.

ನಾನಾಗಿದ್ದರೆ ಬೀಳದಿರಲಿ ಎಂದು ಕೈ ಮುಗಿಯುತ್ತಿದ್ದೆ. ಅಕ್ಕೋರು ಬೇಕೆಂದೇ ಬೀಳಿಸುತ್ತಿದ್ದರು. ಬಿದ್ದ ಮಶೀನು ಏನನ್ನೂ ಉಳಿಸಿಕೊಳ್ಳುವುದಿಲ್ಲವಂತೆ. ಅದಕ್ಕೆ ಪರದೆಯ ಅಂಕಿಗಳನ್ನೆಲ್ಲ ಕೈಯಿಂದ ಬರೆದುಕೊಳ್ಳುವರು. ಮತ್ತೆ ಹಚ್ಚುವರು, ಮತ್ತೆ ಬೀಳಿಸುವರು. ಎರಡು ನೋಟ್‌ಬುಕ್ಕು ತುಂಬಿದವೋ, ಮೂರೋ...

“ಎಷ್ಟ್ ಸಲ ಕೊಲ್ತೀರಿ ಅದನ್ನ?” ಎಂದೆ.

“ಹ್ಯಾಂಗ ಸಾಯ್ತದ ಅಂತ ಹೇಳೂತನ ಬಿಡಂಗಿಲ್ಲವ್ವಾ.”

ಶನಿವಾರ ಕಾರಣ ಸಿಕ್ಕಿತು. ತಂತಿಯಲ್ಲಿ ಬಂದದ್ದನ್ನು ಹಿಡಿಯಲು ಮಶೀನಿನೊಳಗೆ ಒಂದು ಕಾರ್ಡು ಇರುತ್ತದೆ. ಅದನ್ನು ನಡೆಸುವ ಬರಹಕ್ಕೆ ಡ್ರೈವರ್ ಅನ್ನುತ್ತಾರೆ. ಬಂದದ್ದನ್ನು ಇಡುವ ಜಾಗ ಚೀಲದ ಹಾಗೆ ತುಂಬಿದ ಮೇಲೂ ಆ ಡ್ರೈವರ್ ಸುರಿಯುತ್ತಲೇ ಇತ್ತಂತೆ, ಚೆಲ್ಲಿದ್ದು ಬೇರೆ ಕಡೆ ಬಿದ್ದು ಎಲ್ಲ ಕೆಡುತ್ತಿತ್ತಂತೆ. ತಪ್ಪು ತಿಳಿಯಿತು, ತಿದ್ದಲು ದಿನ ಸಾಲದು.

“ಸೋಮವಾರ ಸಣ್ಣದೊಂದು ಕಳಿಸಿ ತೋರಿಸಿಬಿಡ್ರಿ. ಆ ಮುದುಕಗ ಏನ್ ತಿಳೀತದ?” ಎಂದೆ. ಅಕ್ಕೋರು ನಕ್ಕರು, ಅಷ್ಟೇ.

ಸೋಮವಾರ ಸಾಹುಕಾರರು ಬಂದು ಕೂತರು. ಅವರ ಕಣ್ಣೆದುರೇ ಅಕ್ಕೋರು ದೊಡ್ಡ ಕಡತ ಕಳಿಸಿದರು. ಮಶೀನು ಬಿತ್ತು.

“ಹಿಂಗ ಬೀಳ್ತದ್ರಿ. ಯಾಕ ಬೀಳ್ತದ ಗೊತ್ತಾಗ್ಯಾದ. ಎಂಟು ದಿನ ಕೊಡ್ರಿ.”

“ಏನ್ರಿ ಅಕ್ಕೋರ, ಬೀಳೂದು ತೋರ್ಸಾಕ ಕೂಡ್ಸೀರೇನು?” ಸಾಹುಕಾರರು ಎದ್ದರು. “ಎಂಟು ದಿನ ಇರ್ರಿ, ಮಾಡ್ರಿ. ಆಮ್ಯಾಲ ಬ್ಯಾರೆ ಮಾಸ್ತರ್ ಬರ್ತಾನ.”

ನಾನಾಗಿದ್ದರೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆ. ಅಕ್ಕೋರು ಮತ್ತೆ ಕೂತರು. ಏಳನೆಯ ದಿನ ದೊಡ್ಡ ಕಡತ ಹೋಯಿತು. ಹತ್ತು ಸಲ, ಇಪ್ಪತ್ತು ಸಲ... ಬೀಳಲೇ ಇಲ್ಲ. ಮರುದಿನ ಗಂಟು ಕಟ್ಟಿಕೊಂಡು ಕಲಬುರ್ಗಿ ಬಸ್ಸಿಗೆ ನಿಂತರು. ಆ ಡ್ರೈವರ್ ಬರೆದ ಪರದೇಶದವನಿಗೆ ತಿದ್ದುಪಡಿಯನ್ನು ಅಲ್ಲಿಂದ ಇಮೇಲ್ ಮಾಡಬೇಕಂತೆ.

“ನಿಮ್ಮ ನೌಕರಿನೇ ಹೋತು. ಅವಗ ಯಾಕ್ರಿ ಕಳಸೂದು?”

“ನಮ್ಮಂಗ ಎಲ್ಲೋ ಇನ್ನೊಬ್ಬರದು ಬೀಳಾಕತ್ತಿರ್ತದಲ್ಲವ್ವಾ.”

ಬಸ್ಸು ಬಂತು. ಗಂಟನ್ನು ನಾನೇ ಎತ್ತಿ ಒಳಗಿಟ್ಟೆ.

ಮುಂದಿನ ವರ್ಷ ಹೊಸ ಮಾಸ್ತರರು ಹೊಸ ಲಿನಕ್ಸ್ ಡಿಸ್ಕು ತಂದರು. ನಾನು ಕೇಳಿದ್ದಕ್ಕೆ ಅದರ ಬರಹ ತೆರೆದು ಹುಡುಕಿದರು. ಅದರೊಳಗೆ ಅಕ್ಕೋರ ತಿದ್ದುಪಡಿ ಇತ್ತು, ಹೆಸರೂ ಇತ್ತು. ಇಂಥ ಕಾರ್ಡು ಜಗತ್ತಿನಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇನ್ನು ಇದೇ ನಡೆಯುತ್ತದೆ ಎಂದು ಮಾಸ್ತರರು ಹೇಳಿದರು. ಪೊರಕೆ ಹಿಡಿದುಕೊಂಡೇ ಎಷ್ಟು ಹೊತ್ತು ನಿಂತಿದ್ದೆನೋ...

ಅಕ್ಕೋರು ಜೇವರ್ಗಿಗೆ ಮದುವೆಯಾಗಿ ಹೋದರೆಂದು ಕೇಳಿದ್ದೆ. ಝೆರಾಕ್ಸ್ ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ, ಬಸ್ಸು ಹತ್ತಿದೆ. ಅವರ ನಾದಿನಿ ಬಾಗಿಲು ತೆರೆದರು. ಅಕ್ಕೋರು ತೀರಿಕೊಂಡು ಆರು ವರ್ಷವಂತೆ. ಮನೆಯಲ್ಲೇ ಹೊಲಿಗೆ ಮಾಡಿಕೊಂಡಿದ್ದರಂತೆ. ಕಂಪ್ಯೂಟರಿನ ಸುದ್ದಿ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಕೂತು ಎಲ್ಲ ಹೇಳಿದೆ. ನಾದಿನಿ ಚಹಾ ಕೊಟ್ಟರು, ನಂಬಲಿಲ್ಲ.

ನಂಬದಿದ್ದರೆ ಬಿಡಲಿ. ನಾನು ನೋಡಿದ್ದೇನೆ.