ದ್ವೀಪಕ್ಕೆ ಹೊರಟ ಬಾಯಮ್ಮ

ಆತಂಕವಾದಾಗ ಬಾಯಮ್ಮನ ಮೂಗಿನ ತುದಿಯಲ್ಲಿ ಮಾತ್ರ ಬೆವರು ಮೂಡುತ್ತಿತ್ತು. ಹಣೆ, ಕುತ್ತಿಗೆ ಎಲ್ಲ ಒಣಗಿಯೇ ಇರುತ್ತಿದ್ದವು. ಮೂಗಿನ ಮೇಲೆ ಮಾತ್ರ ಸಾಸಿವೆಯಷ್ಟು ದಪ್ಪದ ಹನಿಗಳು. ಅವರು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ. ಇದು ನಾನು ಕಣ್ಣಾರೆ ಕಂಡದ್ದೋ, ಅಮ್ಮ ಹೇಳಿ ಹೇಳಿ ನನ್ನದಾದದ್ದೋ, ಈಗ ಖಚಿತವಿಲ್ಲ. ಅವರ ಮನೆಯ ಜಗಲಿಯಲ್ಲಿ ನಡೆದ ಮಾತೆಲ್ಲ ತುಳು, ಕೊಂಕಣಿ. ನಾನು ಬರೆಯುತ್ತಿರುವುದು ಕನ್ನಡ. ಅಲ್ಲಿಯೂ ಸ್ವಲ್ಪ ಸೋರಿಹೋಗಿರಬೇಕು.

ಕಾಪುವಿನಲ್ಲಿ ಅವರದು ನಮ್ಮ ಪಕ್ಕದ ಹಿತ್ತಲು. ಕ್ರೈಸ್ತ ಹೆಂಗಸರನ್ನು ಊರಿನವರು ಕರೆಯುವ ಹಾಗೆ ನಾವೂ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಗಂಡ ಬಹರೈನಿನಲ್ಲಿ ಡ್ರೈವರ್. ಮದುವೆಯಾದ ತಿಂಗಳಿಗೇ ಹೋದವರು, ಆಮೇಲೆ ಬಂದದ್ದು ಅಪರೂಪ. ಮನೆಯಲ್ಲಿ ಬಾಯಮ್ಮ ಮತ್ತು ಅವರ ಅತ್ತೆ. ಅತ್ತೆಯನ್ನು ಅವರು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತಿದ್ದರು; ಹಾಗಾಗಿ ನಮಗೂ ಮಾಂಯ್.

ಬಾಯಮ್ಮನಿಗೆ ಒಂದು ಕ್ರಮ ಇತ್ತು. ಯಾರಿಗಾದರೂ ಇಲ್ಲ ಎನ್ನಬೇಕಾದರೆ ಮೊದಲು ಅವರನ್ನು ಕೂರಿಸುತ್ತಿದ್ದರು. “ಕೂತುಕೊಳ್ಳಿ, ಇಲ್ಲ ಅಂತ ಹೇಳ್ಲಿಕ್ಕುಂಟು.” ಹೇಳಿದ ಮೇಲೆ ತಾವು ಎದ್ದು ಒಳಗೆ ಹೋಗುತ್ತಿರಲಿಲ್ಲ. ಬಂದವರ ಸಿಟ್ಟು ಇಳಿಯುವವರೆಗೆ ಎದುರಿಗೇ ಇರುತ್ತಿದ್ದರು. ನಾನು ಆಗ ಮಣಿಪಾಲದಲ್ಲಿ ಓದುತ್ತಿದ್ದೆ. ಇಲ್ಲ ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುವ ಜನ ನಾವು. ನನಗೆ ಅವರು ವಿಚಿತ್ರವಾಗಿ ಕಾಣುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಗಂಡ ಹೇಗೋ ಕಂಪನಿಯವರನ್ನು ಒಪ್ಪಿಸಿ ಅವರಿಗೆ ಎರಡು ತಿಂಗಳ ವೀಸಾ ಮಾಡಿಸಿದರು. ಇನ್ನೊಮ್ಮೆ ಸಿಗುವ ಭರವಸೆ ಇರಲಿಲ್ಲ. ಬಹರೈನ್ ದ್ವೀಪದ ಕಡಲ ಬದಿಯ ಪೇಟೆಯಲ್ಲಿ ಒಂದು ಕೋಣೆ ಗೊತ್ತಾಯಿತು.

“ಇಲ್ಲಿ ಕಡಲಿಲ್ಲವಾ ಬಾಯಮ್ಮ? ಬಿಸಿಲಿಲ್ಲವಾ? ಅಷ್ಟು ದೂರ ಹೋಗಿ ಅದನ್ನೇ ನೋಡುವುದಾ?” ಎಂದು ನಾನು ಚುಡಾಯಿಸಿದೆ.

“ಉಂಟು ಮಾರಾಯ. ಇಲ್ಲಿ ಗಂಡನ ಜೊತೆ ಕಡಲ ಬದಿಗೆ ಹೋದರೆ ಇಡೀ ಊರು ಬೇಲಿ ಹತ್ತಿ ನೋಡ್ತದೆ. ಅಲ್ಲಿ ನಮ್ಮನ್ನು ಯಾರು ನೋಡ್ತಾರೆ? ಎರಡು ತಿಂಗಳು ನಡೆಯುವುದು, ತಿನ್ನುವುದು, ಮಲಗುವುದು. ಅಷ್ಟೇ ಪ್ಲಾನ್.”

ಆದರೆ ಗಲ್ಫಿಗೆ ಹೊರಟವರ ರಜೆ ಅವರೊಬ್ಬರದಲ್ಲ. ಅಲ್ಲಿ ಮಕ್ಕಳಿರುವ ಮನೆಯವರೆಲ್ಲ ಬಟ್ಟೆಯಲ್ಲಿ ಹೊಲಿದ ಪೊಟ್ಟಣ ತಂದುಕೊಡುತ್ತಾರೆ: ಉಪ್ಪಿನಕಾಯಿ, ಹಪ್ಪಳ, ಒಣಮೀನು. ಬೇಡ ಎನ್ನುವ ಹಾಗಿಲ್ಲ, ಬಿಚ್ಚಿ ನೋಡುವ ಹಾಗಂತೂ ಇಲ್ಲವೇ ಇಲ್ಲ. ಬಾಯಮ್ಮ ಕತ್ತರಿ ಹಿಡಿದು ಜಗಲಿಯಲ್ಲಿ ಕೂತರು. ಗಸಗಸೆ ಸಿಕ್ಕಿದರೆ ಅಲ್ಲಿಯ ಪೊಲೀಸರು ಅಫೀಮಿನ ಲೆಕ್ಕದಲ್ಲಿ ಹಿಡಿದುಹಾಕುತ್ತಾರೆ ಎಂದು ಗಲ್ಫಿನಿಂದ ಮರಳಿದ ಕಟಪಾಡಿಯವನೊಬ್ಬ ಹೇಳಿದ್ದ. ನಾನು ನಂಬಿರಲಿಲ್ಲ. ಅವರು ನಂಬಿದ್ದರು.

ಮೀನು ಮಾರುವ ಅಕ್ಕ ತನ್ನ ಮಗನಿಗೆಂದು ತಂದ ಪೊಟ್ಟಣದ ಹೊಲಿಗೆ ಬಿಚ್ಚುವಾಗ ಆಕೆಗೆ ರೇಗಿತು.

“ಎಂತ ಬಾಯಮ್ಮ, ನನ್ನ ಮೇಲೆ ಸಂಶಯವಾ? ಇಷ್ಟು ವರ್ಷ ನನ್ನ ಬುಟ್ಟಿಯ ಮೀನು ತಿಂದು, ಈಗ ದರ್ಜಿಯ ಹಾಗೆ ಕತ್ತರಿ ಹಿಡಿದು ಕೂತಿದ್ದೀರಲ್ಲ!”

“ನಿಮ್ಮ ಬಂಗುಡೆ ಮೀನಿನ ಕಿವಿರು ಎತ್ತಿ ನೋಡದೆ ಒಂದು ದಿನವಾದರೂ ತೆಗೊಂಡಿದ್ದೇನಾ ಅಕ್ಕ? ಕೂತುಕೊಳ್ಳಿ. ಈಗ ಮತ್ತೆ ಹೊಲಿದು ಕೊಡ್ತೇನೆ.”

ಒಣಸಿಗಡಿ ಬಿಟ್ಟು ಬೇರೇನೂ ಇರಲಿಲ್ಲ. ಅಕ್ಕ ಕೂತಲ್ಲಿಂದಲೇ ಗೋಡೆ ಬದಿಗೆ ಕೈ ತೋರಿಸಿದಳು. ಅಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಸಾಲೆ ಪುಡಿಯ ಬಾಟ್ಲಿ ಇತ್ತು.

“ಎಲ್ಲರದ್ದೂ ಬಿಚ್ಚಿದಿರಿ. ಅದು?”

“ಅದು ನನ್ನ ಮಗನಿಗೆ,” ಒಳಗಿನಿಂದ ಮಾಂಯ್ ಅಂದರು. “ಅದನ್ನು ಯಾರೂ ಮುಟ್ಟುವುದು ಬೇಡ.”

ಬಾಯಮ್ಮ ಬಾಟ್ಲಿ ಎತ್ತಿಕೊಂಡು ಒಳಗೆ ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತರು. “ಇದಕ್ಕೆ ಎಂತೆಲ್ಲ ಹಾಕಿದ್ದೀರಿ ಮಾಂಯ್?”

“ಯಾವತ್ತೂ ಹಾಕುವುದೇ. ಮೆಣಸು, ಕೊತ್ತಂಬರಿ, ಜೀರಿಗೆ. ಒಂದು ಹಿಡಿ ಗಸಗಸೆ. ಅದಿಲ್ಲದ ಕೋಳಿಸಾರು ಅವನು ಮುಟ್ಟುವುದಿಲ್ಲ.”

“ಇದನ್ನು ಕೊಂಡುಹೋಗುವುದಿಲ್ಲ ಮಾಂಯ್.”

“ಪುಡಿ ಮಾಡಿದ್ದು ಯಾರಿಗೆ ಗೊತ್ತಾಗ್ತದೆ?”

“ನನಗೆ ಗೊತ್ತುಂಟಲ್ಲ.”

ಮಾಂಯ್ ಗೋಡೆಯ ಕಡೆ ತಿರುಗಿ ಕೂತರು. ಆಮೇಲೆ ಸೊಸೆಯೊಡನೆ ಮಾತಿಲ್ಲ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಎದುರು ಮೊಣಕಾಲೂರಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ಆ ಮನೆಗಳ ಕ್ರಮ. ಬಾಯಮ್ಮ ಮೊಣಕಾಲೂರಿದರು. ಮಾಂಯ್ ಕೈ ಎತ್ತಲಿಲ್ಲ. ಮರುದಿನವೂ ಹಾಗೆಯೇ. ಬೆಸಾಂವ್ ಇಲ್ಲದೆ ಕಡಲು ದಾಟುವುದು ಆ ಮನೆಯಲ್ಲಿ ಯಾರೂ ಮಾಡದ ಕೆಲಸ. “ಹೋಗುವುದಿಲ್ಲವೋ ಏನೋ,” ಎಂದು ಅಮ್ಮ ಬೇಲಿಯ ಬಳಿ ನಿಂತು ಪಿಸುಗುಟ್ಟಿದರು.

ಬಾಯಮ್ಮ ಬೇಡಿಕೊಳ್ಳಲಿಲ್ಲ, ವಾದಿಸಲೂ ಇಲ್ಲ. ಬಿಡುವಾದಾಗಲೆಲ್ಲ ಮಾಂಯ್ ಕೂತಲ್ಲೇ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದರು, ಅಕ್ಕಿ ಆರಿಸುತ್ತಿದ್ದರು.

ಹೊರಡುವ ದಿನ ಬಂತು. ವಿಮಾನ ಬೊಂಬಾಯಿಯಿಂದ; ಬೊಂಬಾಯಿ ಬಸ್ಸು ಮಧ್ಯಾಹ್ನ ಹೆದ್ದಾರಿಗೆ ಬರುವುದು. ಪೆಟ್ಟಿಗೆ ಸಾಗಿಸಲು ನಾನು ರಿಕ್ಷಾ ತಂದು ನಿಲ್ಲಿಸಿದ್ದೆ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಬಾಯಮ್ಮ ಹೊಸ ಸೀರೆಯಲ್ಲಿ, ಜಗಲಿಯಲ್ಲಿ ಅತ್ತೆಯ ಎದುರು ಮೊಣಕಾಲೂರಿದ್ದರು.

“ಬೆಸಾಂವ್ ಕೊಡಿ ಮಾಂಯ್.”

ಮಾಂಯ್ ಗೋಡೆಯ ಕಡೆಯೇ ನೋಡುತ್ತಿದ್ದರು.

“ಬಾಯಮ್ಮ, ಬಸ್ಸು ಹೋಗ್ತದೆ,” ಎಂದೆ.

“ಹೋಗಲಿ.”

ಅವರು ಮೊಣಕಾಲೂರಿದಲ್ಲಿಂದ ಹಂದಲಿಲ್ಲ. ಮತ್ತೆ ಹಾರ್ನ್. ಮಾಂಯ್‌ಗೆ ಆ ಸದ್ದು ತಾಗಿತು ಎಂದು ನನಗೆ ಕಂಡಿತು, ಕುತ್ತಿಗೆಯ ನರ ಕುಣಿಯುತ್ತಿತ್ತು.

“ಅಲ್ಲಿ ಅವನು ಕಾಯ್ತಾನೆ,” ಎಂದರು ಮಾಂಯ್, ಗೋಡೆಗೆ ಹೇಳಿದ ಹಾಗೆ.

“ಕಾಯ್ತಾರೆ.”

ಮಾಂಯ್ ತಿರುಗಿದರು. ಕೈ ಸೊಸೆಯ ತಲೆಯ ಮೇಲೆ ಬಿತ್ತು. ಬಾಯಮ್ಮ ಎದ್ದು ಓಡಿದರು. ರಿಕ್ಷಾ ಹೆದ್ದಾರಿ ಮುಟ್ಟುವಾಗ ಬಸ್ಸು ಬ್ರೇಕು ಹಾಕುತ್ತಿತ್ತು.

ಅದು ಹರಸಿದ ಕೈ ಎಂದೇ ನಾನು ತಿಳಿದಿದ್ದೆ. ಅಮ್ಮನ ಸಾಕ್ಷ್ಯ ಬೇರೆ. “ಎಲ್ಲಿಯ ಬೆಸಾಂವ್? ಹೋಗು ಹೋಗು ಅಂತ ತಲೆ ದೂಡಿದ್ದು. ನಾನು ನಮ್ಮ ಕಿಟಕಿಯಿಂದ ನೋಡಿದ್ದೇನೆ.” ಅಮ್ಮ ಸುಳ್ಳು ಹೇಳುವವರಲ್ಲ. ನನ್ನ ನೆನಪನ್ನು ತಿರುಗಿಸಿ ನೋಡಿದರೆ ಅಲ್ಲಿಯೂ ಒಂದು ದೂಡು ಇದ್ದಂತೆ ಕಾಣುತ್ತದೆ. ಅಮ್ಮ ಹೇಳಿದ ಮೇಲೆ ಸೇರಿಕೊಂಡದ್ದೂ ಇರಬಹುದು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಕಾರ್ಕಳದಲ್ಲಿ ಪಾಠ ಹೇಳುತ್ತಿದ್ದೆ. ಮಾಂಯ್ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಬಾಯಮ್ಮ ಮಣಿಪಾಲದ ಆಸ್ಪತ್ರೆಯಲ್ಲಿದ್ದಾರೆ, ಗುಣವಾಗುವ ಕಾಯಿಲೆಯಲ್ಲ ಎಂದು ತಿಳಿದು ನೋಡಲು ಹೋದೆ. ಗಂಡ ಊರಿಗೆ ಬಂದು ಮಂಚದ ಬದಿಯಲ್ಲಿದ್ದರು. ಅವರು ಚಹಾ ತರಲು ಹೋದಾಗ, ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ಅವತ್ತು ಮಾಂಯ್ ಬೆಸಾಂವ್ ಕೊಟ್ಟದ್ದಾ, ದೂಡಿದ್ದಾ?”

ಬಾಯಮ್ಮ ನಕ್ಕರು. ನಗುವುದಕ್ಕೆ ಅವರಿಗೆ ತುಂಬ ಹೊತ್ತು ಹಿಡಿಯಿತು.

“ಅವರು ಕೊಟ್ಟದ್ದು ಎಂತದ್ದೋ ಮಾರಾಯ. ನಾನು ತೆಗೊಂಡದ್ದು ಬೆಸಾಂವ್.”

ಆ ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಆಮೇಲೆ ನಾನು ಈ ವಿಷಯದಲ್ಲಿ ಅಮ್ಮನೊಡನೆ ವಾದಿಸಿಲ್ಲ.