ಬಾವು ಇಲ್ಲ

ನಾನು ಮೋಟೆಬೆನ್ನೂರಿನ ಆಚೆಯ ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋಗುವುದು, ಕೇಳುವುದು, ನೋಡುವುದು, ವಹಿಯಲ್ಲಿ ಬರೆಯುವುದು ನನ್ನ ಕೆಲಸ. ಬರೆಯುವುದರಲ್ಲಿ ಜಾಣೆ. ನೋಡುವುದರಲ್ಲಿ ಎಂಥವಳು ಎಂದು ಹೇಳಿಬಿಡುತ್ತೇನೆ, ಹೇಳದೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮ ಓಣಿಯಲ್ಲಾದರೆ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ಹೋಗುತ್ತೇನೆ. ಬಸುರಿಯ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಒತ್ತಿ, ಕುಳಿ ಬೀಳುತ್ತದೆಯೇ ನೋಡುತ್ತೇನೆ; ಬಿದ್ದರೆ ಬಾವು, ಬಿಪಿ ಏರಿರಬಹುದು. ಅಷ್ಟರಲ್ಲಿ ಚಹಾ ಬಂದಿರುತ್ತದೆ. ಅಲ್ಲಿನ ಒಬ್ಬ ಹುಡುಗಿಗೆ ಪಾದ ಸ್ವಲ್ಪ ಊದಿದ್ದಕ್ಕೇ ಅದೇ ದಿನ ರಾಣೆಬೆನ್ನೂರಿನ ಡಾಕ್ಟರ ಬಳಿ ಕಳಿಸಿದ್ದೆ.

ಊರ ಕೊನೆಯ ಕೇರಿಯಲ್ಲಿ ಮಾತ್ರ ನಾನು ಅಂಗಳದಲ್ಲೇ ನಿಲ್ಲುತ್ತಿದ್ದೆ. ಕೆಲಸ ಮಾಡು, ಆದರೆ ಅಲ್ಲಿ ನೀರು ಮುಟ್ಟಬೇಡ ಎಂದು ಅತ್ತೆ ಹೇಳಿದ್ದರು. ಅತ್ತೆಯ ಮೇಲೆ ಹಾಕಿ ಜಾರಿಕೊಳ್ಳುವುದಿಲ್ಲ. ನನಗೂ ಅದೇ ಸಲೀಸಾಗಿತ್ತು.

ಆ ಕೇರಿಯಲ್ಲಿ ಒಬ್ಬಳು ಎರಡನೆಯ ಸಲ ಬಸುರಿಯಾಗಿದ್ದಳು. ಮೆಣಸಿನಕಾಯಿಯ ತೊಟ್ಟು ಬಿಡಿಸಲು ದಿನಾ ಟಂಟಂ ಗಾಡಿ ಹತ್ತಿ ಬ್ಯಾಡಗಿಗೆ ಹೋಗುವವಳು. ಕೆಲಸ ಬಿಡಲಾಗದೆ ಎರಡು ಸಲ ತಪಾಸಣೆ ತಪ್ಪಿಸಿದ್ದಳು. ನಾನು ಹೋದರೆ ಲಗುಬಗೆಯಿಂದ ಎದ್ದು ಬಂದು, ಸೀರೆಯನ್ನು ಪಾದ ಮುಚ್ಚುವಂತೆ ಎಳೆದುಕೊಂಡು ಹೊಸ್ತಿಲ ಒಳಗೆ ನಿಲ್ಲುತ್ತಿದ್ದಳು. ಊರೊಳಗಿನವರು ಬಂದರೆ ಹಾಗೆ ನಿಲ್ಲುವುದು ಅಲ್ಲಿಯ ರೂಢಿ. ತ್ರಾಸೇನಾದರೂ ಇದೆಯೇ ಎಂದು ನಾನು ಕೇಳುವುದು, ಏನೂ ಇಲ್ಲ ಎಂದು ಅವಳು ಹೇಳುವುದು. ಚಹಾ ಮಾಡಲೇ ಎಂದು ಪ್ರತಿ ಸಲ ಕೇಳುವಳು. ಈಗಷ್ಟೇ ಕುಡಿದು ಬಂದೆ ಎಂದು ಪ್ರತಿ ಸಲ ಸುಳ್ಳು ಹೇಳುವೆ. ವಹಿಯಲ್ಲಿ ‘ಬಾವು ಇಲ್ಲ’ ಎಂದು ಬರೆದು ಮುಂದಿನ ಮನೆಗೆ ನಡೆಯುವೆ. ಏಳನೆಯ ತಿಂಗಳವರೆಗೂ ಹೀಗೇ ನಡೆಯಿತು.

ಆ ದಿನ ಬಿಸಿಲು ವಿಪರೀತವಾಗಿತ್ತು. ಅವಳು ಕೆಲಸಕ್ಕೆ ಹೋಗಿರಲಿಲ್ಲ, ತಲೆನೋವು ಅಂದಳು. ಮೆಣಸಿನಕಾಯಿ ಘಾಟಿಗೆ ಇರಬೇಕು ಅಂದೆ. ದೊಡ್ಡ ಡಾಕ್ಟರಿಣಿ ನಾನು! ಎಂದಿನಂತೆ ಚಹಾ ಕೇಳಿದಳು. ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಹೂಂ, ನೀರಡಿಕೆಯಾಗಿದೆ ಅಂದುಬಿಟ್ಟೆ. ನನ್ನನ್ನು ಒಳಗೆ ಕರೆದೊಯ್ದದ್ದು ಒಳ್ಳೆಯತನವಲ್ಲ, ನೀರಡಿಕೆ.

ಮೊದಲ ಸಲ ಆ ಮನೆಯ ನೆಲದ ಮೇಲೆ ಕೂತೆ. ಅವಳು ಒಲೆಯಿಂದ ಪಾತ್ರೆ ಇಳಿಸಿ ತಂದು ಚಹಾ ಸುರಿದಳು. ಕಪ್ಪು ಇತ್ತ ಇತ್ತು, ಚಹಾ ಅತ್ತ ನೆಲಕ್ಕೆ ಹರಿಯುತ್ತಿತ್ತು. ಅವಳಿಗೆ ಗೊತ್ತಾಗಲೇ ಇಲ್ಲ, ಸುರಿಯುತ್ತಲೇ ಇದ್ದಳು. ಕೂತಿದ್ದರಿಂದ ನನಗೆ ಅವಳ ಪಾದ ಕಂಡಿತು. ಕಾಲುಂಗುರ ಊದಿದ ಬೆರಳೊಳಗೆ ಹೂತುಹೋಗಿತ್ತು.

“ಕಣ್ಣು ಮಂಜಾಗ್ಯಾವೇನು?” ಅಂದೆ.

“ಎರಡು ದಿನ ಆತ್ರಿ, ಅಕ್ಕಾರ.”

ಆಂಬುಲೆನ್ಸಿಗೆ ಫೋನು ಮಾಡಿ, ಅವಳ ಜೊತೆ ನಾನೂ ಹತ್ತಿದೆ. ಹಾವೇರಿ ಮುಟ್ಟುವ ಮೊದಲೇ ಅವಳಿಗೆ ಫಿಟ್ಸ್ ಬಂತು. ಹೆದ್ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಮುಟ್ಟಬೇಕೋ ಬೇಡವೋ ಎಂಬ ಯೋಚನೆಗೆ ಆಗ ಪುರುಸೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಬಿಪಿ ನೋಡಿದ ಡಾಕ್ಟರಮ್ಮ, ಈ ಬಾವು ಇವತ್ತಿನದಲ್ಲ, ಇಷ್ಟು ದಿನ ಇವಳ ಕಾಲನ್ನು ಯಾರೂ ನೋಡಲಿಲ್ಲವೇ ಎಂದು ಕೇಳಿದರು. ನಾನು ವಹಿಯನ್ನು ಎದೆಗೆ ಅವುಚಿಕೊಂಡೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ತಿಂಗಳ ಮೇಲೆ ಮತ್ತೆ ಹೋದೆ. ಕರೆಯುವ ಮೊದಲೇ ಒಳಗೆ ಹೋಗಿ ಕೂತೆ. ನಾನು ಆ ಮನೆಯೊಳಗೆ ಕೂತದ್ದಕ್ಕೆ ಅತ್ತೆಯೊಂದಿಗೆ ದೊಡ್ಡ ಜಗಳವಾಗಿತ್ತು. ಅದನ್ನು ಅವಳಿಗೆ ಹೇಳಿ ಹಗುರಾಗಬೇಕೆಂದುಕೊಂಡು ಹೋಗಿದ್ದೆ. ಅವಳು ಕೇಳದೆಯೇ ಚಹಾಕ್ಕಿಟ್ಟಳು. ಈ ಸಲ ಒಂದು ಹನಿಯೂ ಚೆಲ್ಲದಂತೆ ಕಪ್ಪಿಗೆ ಸುರಿದು ನನ್ನ ಕೈಗೆ ಕೊಟ್ಟಳು.

“ನಿಮಗ ಆವತ್ತಿಗಿಂತ ಒಂದು ತಿಂಗಳು ಮೊದಲ ನೀರಡಿಕಿ ಆಗಬೇಕಿತ್ತು ನೋಡ್ರಿ,” ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳದ ಕಥೆ ಹೇಳಿ ಸಮಾಧಾನ ಮಾಡುತ್ತಿದ್ದೆನೇನೋ. ಚಹಾ ಪೂರ್ತಿ ಕುಡಿದೆ.