ಹೊಳೆಯ ನಡುವೆ ನಿಂತ ಪ್ಲೇಟು

ಗ್ರಾಮಫೋನಿನ ಮುಳ್ಳು ಪ್ಲೇಟಿನ ನಡುವಿನ ಕಾಗದದತ್ತ ಸರಿಯತೊಡಗಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಸುರುವಾಗುತ್ತದೆ. ಉಳಿದವರು ಹಾಡು ಕೇಳುತ್ತಾರೆ. ನಾನು ಅದು ಮುಗಿಯುವುದಕ್ಕೆ ಹೆದರುತ್ತಾ ಕೂರುತ್ತೇನೆ. ಡಾಕ್ಟರಿಗೆ ಹೇಳಿದರೆ ನಕ್ಕಾರು. ನಿಮಗೆ ಹೇಳಬಹುದು, ನಿಮಗೂ ಭಾವಮೈದಂದಿರು ಇದ್ದಾರು.

ನನ್ನ ಹೆಂಡತಿಯ ತಮ್ಮ ಸಿಲ್ಲು ಹಂಚಿನ ಕಾರ್ಖಾನೆಯ ಗುಮಾಸ್ತ. ಕೊಂಕಣಿಯಲ್ಲಿ ತಾನೇ ಹಾಡು ಕಟ್ಟಿ, ತಾನೇ ರಾಗ ಹಾಕಿ, ತಾನೇ ಹಾಡುತ್ತಾನೆ. ಬೊಂಬಾಯಿಯ ಪ್ಲೇಟು ಕಂಪೆನಿಯೊಂದು ಅವನನ್ನು ಕರೆಯಿತು. ಮೊದಲ ಪ್ಲೇಟು ಊರಿನ ಮದುವೆಮನೆಗಳಲ್ಲಿ ಓಡಿದರೆ ಎರಡನೆಯದು. ಓಡದಿದ್ದರೆ ಜನ್ಮವಿಡೀ ಹಂಚಿನ ಲೆಕ್ಕ.

ಹಾಡು ಹೊಳೆಯ ಈಚೆ ದಡದ ಜೆಪ್ಪಿನ ಮದುಮಗಳೊಬ್ಬಳದು. ನೇತ್ರಾವತಿ ದಾಟಿ ತೊಕ್ಕೊಟ್ಟಿನ ಕಡೆಯ ಗಂಡನ ಮನೆಗೆ ಹೋಗುತ್ತಾಳೆ. ಆಗ ರಸ್ತೆಯ ಸೇತುವೆ ಇರಲಿಲ್ಲ, ದೋಣಿಯೇ ಗತಿ. ದೋಣಿ ಹೊರಡುವುದಕ್ಕೇ ಬೇಕಾದಷ್ಟು ಚರಣಗಳು. ಒಂದು ಬದಿಯಲ್ಲಿ ಇಷ್ಟು ಹಿಡಿಯದು, ಕತ್ತರಿಸು ಎಂದೆ.

"ಎಂತ ಕತ್ತರಿಸುವುದು ಭಾವ? ದೋಣಿಯಿಂದ ಮದುಮಗಳನ್ನೇ ಇಳಿಸ್ಲಾ?"

ನಮ್ಮ ಹಳೆಯ ಕವಿಗಳು ಹೆಣ್ಣಿನ ಮೂಗುತಿಯೊಂದನ್ನೇ ಪುಟಗಟ್ಟಲೆ ಬಣ್ಣಿಸಿದ್ದಾರೆ. ತಾಳೆಗರಿಯಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಗರಿ. ಅವರೆದುರು ಯಾರೂ ಕೆಂಪು ದೀಪ ಹೊತ್ತಿಸಿ "ಸಾಕು" ಎನ್ನಲಿಲ್ಲ. ಸಿಲ್ಲುವಿನೆದುರು ಬೊಂಬಾಯಿಯ ಧ್ವನಿಮುದ್ರಣದ ಕೋಣೆಯಲ್ಲಿ ಹೊತ್ತಿಸಿದರು, ಒಂದು ಬದಿಗೆ ಮೂರೇ ನಿಮಿಷ. ಮೊದಲ ಬದಿಯಲ್ಲಿ ದೋಣಿ ನಡುಹೊಳೆಗೆ ಬಂದು ಗಾಳಿ ಎದ್ದಿತು. ದಡ ಸೇರಬೇಕಾದರೆ ಪ್ಲೇಟು ತಿರುಗಿಸಬೇಕು.

ಕೊಟ್ಟಾರದ ಒಂದು ರೋಸಿನಲ್ಲಿ ಅದು ಮೊದಲು ಮೊಳಗಿತು. ರೋಸ್ ಎಂದರೆ ನಮ್ಮ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ತೆಂಗಿನಹಾಲು ಹಚ್ಚಿ ಮದುಮಗಳನ್ನು ಮೀಯಿಸುವುದು. ಮೈಕಿನವ ಮೊದಲ ಬದಿ ಮುಗಿದದ್ದೇ ಬೇರೊಂದು ಪ್ಲೇಟು ಹಾಕಿದ. ಇತ್ತ ಮದುಮಗಳ ತಲೆಗೆ ಹಾಲು ಹೊಯ್ಯುತ್ತಿದ್ದಾರೆ, ಅತ್ತ ಹಾಡಿನ ಮದುಮಗಳು ನಡುನೀರಿನಲ್ಲಿ! ಹುಡುಗಿಯ ತಾಯಿ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದವರು ಊಟಕ್ಕೂ ಏಳಲಿಲ್ಲ. ಮರುವಾರದೊಳಗೆ "ಮುಳುಗಿಸುವ ಪ್ಲೇಟು" ಎಂದು ಊರೆಲ್ಲ ಹೆಸರಾಯಿತು. ಸಿಲ್ಲು ಮನೆಮನೆಗೆ ಹೋಗಿ "ಇನ್ನೊಂದು ಬದಿ ಉಂಟು ಮಾರಾಯ್ರೇ" ಎಂದು ವಿವರಿಸಿದ. ಅಂಗಡಿಯವರು ಪ್ಲೇಟುಗಳನ್ನು ಹಿಂದಕ್ಕೆ ಕಳಿಸುವ ಮಾತೆತ್ತಿದರು.

ಅಷ್ಟರಲ್ಲಿ ನನ್ನ ನಾದಿನಿ ಹಿಲ್ಡಾಳ ಮದುವೆ ಗೊತ್ತಾಯಿತು. ಅಣ್ಣನ ಹಾಡಿಲ್ಲದೆ ರೋಸಿಗೆ ಕೂರುವುದಿಲ್ಲ ಎಂದು ಅವಳ ಹಟ. ನಮ್ಮ ಮನೆಯಲ್ಲೇ ಹಾಡು ಎಡವಿದರೆ ಇನ್ನು ಯಾವ ಮನೆಯಲ್ಲಿ ಎದ್ದೀತು? ಮೈಕಿನವರನ್ನು ನಂಬದೆ ಪ್ಲೇಟು ತಿರುಗಿಸುವ ಕೆಲಸವನ್ನು ಶಾಲೆಯ ಮಾಸ್ಟರಾದ ನಾನೇ ವಹಿಸಿಕೊಂಡೆ. ಹೆಂಡತಿ "ನೀವಾ?" ಎಂದಳು. ಆ ಎರಡಕ್ಷರವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ರೋಸಿನ ದಿನ ಪ್ಲೇಟು ಹಾಕಿದೆ. ಗಾಳಿ ಎದ್ದಿತು, ದೋಣಿ ತೂಗಿತು, ಬದಿ ಮುಗಿಯಿತು. ಮಿಂಚಿನಂತೆ ಪ್ಲೇಟು ತಿರುಗಿಸಿದೆ. ಪ್ರತಿ ಬದಿಗೂ ಹೊಸ ಮುಳ್ಳು ಬೇಕು; ಅದನ್ನು ಬದಲಿಸಲು ಹೋದಾಗ ಕೈಯಿಂದ ಮುಳ್ಳಿನ ಡಬ್ಬಿ ಜಾರಿ ನೇರ ತೆಂಗಿನಹಾಲಿನ ಪಾತ್ರೆಗೆ ಬಿತ್ತು. ಸಿಲ್ಲುವಿನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಚಾಪೆಯ ಮೇಲೆ ಕಾರ್ಮಿನ್ ಬಾಯಿ ಕುಳಿತಿದ್ದರು. ಹಿಂದೆ ರೋಸಿನಲ್ಲಿ ಹೆಂಗಸರಿಗೆ ಹಾಡಿನ ಸಾಲು ಎತ್ತಿಕೊಡುತ್ತಿದ್ದವರು. ಪ್ಲೇಟು ಬಂದ ಮೇಲೆ ಅವರನ್ನು ಯಾರೂ ಕೇಳುತ್ತಿರಲಿಲ್ಲ.

"ಹುಡುಗಿಯನ್ನು ನೀರಲ್ಲಿ ಕೂರಿಸಿ ಎಂತ ನೋಡ್ತೀರಿ? ಹಿಡಿಯಿರಿ ಹುಟ್ಟು!" ಎಂದವರೇ ಸಿಲ್ಲುವಿನ ರಾಗದಲ್ಲೇ ದೋಣಿಯವನಿಗೆ ಬೈಯುವ ಸಾಲೊಂದನ್ನು ಕಟ್ಟಿ ಹಾಡಿದರು. ಹೆಂಗಸರೆಲ್ಲ ಅದನ್ನು ಎತ್ತಿಕೊಂಡರು. ತಲೆಯಿಂದ ಹಾಲು ತೊಟ್ಟಿಕ್ಕುತ್ತಿದ್ದಂತೆಯೇ ಹಿಲ್ಡಾ ನಗತೊಡಗಿದಳು. ನಾನು ಹಾಲಿನಿಂದ ಒಂದು ಮುಳ್ಳು ಹುಡುಕಿ ಒರೆಸಿ ಕೂರಿಸುವಷ್ಟರಲ್ಲಿ ಹೆಂಗಸರ ಬಾಯಲ್ಲಿ ಹಾಡಿನ ಮದುಮಗಳು ದಡ ಸೇರಿ, ಅತ್ತೆಯ ಜೊತೆ ಮೊದಲ ಜಗಳವನ್ನೂ ಮುಗಿಸಿದ್ದಳು. ಎರಡನೆಯ ಬದಿ ಹಾಕಿದೆ. ಮತ್ತೆ ಗಾಳಿ!

"ಸಾಕು ಮಾಸ್ಟ್ರೇ," ಕಾರ್ಮಿನ್ ಬಾಯಿ ಗದರಿದರು, "ದಡ ಮುಟ್ಟಿಸಿದವಳನ್ನು ಪುನಃ ನೀರಿಗೆ ಯಾಕೆ ಎಳೀತೀರಿ?"

ಆಮೇಲೆ ಊರಿನ ರೋಸುಗಳಲ್ಲೆಲ್ಲ ಅದೇ ಪದ್ಧತಿಯಾಯಿತು. ಮೊದಲ ಬದಿ ಹಾಕುವುದು, ನಡುಹೊಳೆಯಲ್ಲಿ ನಿಲ್ಲಿಸುವುದು, ಅಲ್ಲಿಂದ ಹೆಂಗಸರೇ ಹುಟ್ಟು ಹಾಕುವುದು. ಪ್ಲೇಟು ಅಂಗಡಿಯಲ್ಲಿ ನಿಲ್ಲದಾಯಿತು. ಸಿಲ್ಲು ಬೊಂಬಾಯಿಯಲ್ಲಿ ಗಂಟಲು ಹರಿದು ಹಾಡಿದ ಎರಡನೆಯ ಬದಿಯನ್ನು ಮಾತ್ರ ಒಬ್ಬನೂ ಪೂರ್ತಿ ಕೇಳಲಿಲ್ಲ. "ನಿನ್ನ ಹಾಡು ಒಳ್ಳೆಯದುಂಟು, ಆ ಜಗಳದ ಸಾಲು ಭಾರೀ ಲಾಯ್ಕ" ಎಂದು ಬೀದಿಯಲ್ಲಿ ಜನ ಬೆನ್ನು ತಟ್ಟಿದರೆ ಅವನಿಗೆ ಉರಿಯುತ್ತಿತ್ತು. ಆ ಸಾಲು ಅವನದಲ್ಲವಲ್ಲ! ಇನ್ನು ಹಾಡೇ ಕಟ್ಟುವುದಿಲ್ಲ ಎಂದು ನನ್ನ ಮುಂದೆ ಆಣೆ ಹಾಕಿದ.

ಕಂಪೆನಿ ಎರಡನೆಯ ಪ್ಲೇಟಿಗೆ ಕರೆದಾಗ ಹೋದದ್ದೇನೋ ಹೋದ. ಹೊರಡುವ ಮುನ್ನ ಹೊಸ ಹಾಡನ್ನು ನನಗೆ ಹಾಡಿ ತೋರಿಸಿದ. ಚಂದವಿತ್ತು. ಆದರೆ ಮದುಮಗಳು ಅತ್ತೆಮನೆಯ ಹೊಸ್ತಿಲಿಗೆ ಕಾಲು ಎತ್ತಿದ್ದೇ ಅವನು ನಿಲ್ಲಿಸಿಬಿಟ್ಟ.

"ಉಳಿದದ್ದು?" ಎಂದೆ. ನನಗಾಗಲೇ ಹೊಟ್ಟೆಯಲ್ಲಿ ಸಂಕಟ.

"ಕಟ್ಟಿಲ್ಲ ಭಾವ," ಎಂದ ಸಿಲ್ಲು, ಮೀಸೆಯಡಿಯಲ್ಲಿ ನಗುತ್ತಾ. "ಎಲ್ಲ ನಾನೇ ಹಾಡಿದರೆ ಕಾರ್ಮಿನ್ ಬಾಯಿ ಎಂತ ಮಾಡುವುದು?"